ಖಾಲಿ ಫೈಲಿನ ಬಾಗಿಲು ತಟ್ಟಿದವರು

“ಇದರೊಳಗೆ ಏನೂ ಇಲ್ಲ ಮೇಡಂ. ಅದೇ ನನ್ನ ತಲೆ ಕೆಡಿಸಿರೋದು,” ಎಂದಳು ಸೂಜಿ.

ತನಿಖಾಧಿಕಾರಿ ಕಂಪ್ಯೂಟರ್ ಪರದೆಯ ಕಡೆ ಬಗ್ಗಿದಳು. ಒಂದು ಫೈಲಿನ ಹೆಸರು, ‘ಸರದಿ’. ಅದರ ಮುಂದೆ ಒಂದು ಸೊನ್ನೆ. ಒಂದಕ್ಷರವೂ ಇಲ್ಲದ ಫೈಲು.

ಸೂಜಿ ಇಲಾಖೆಯ ಕಂಪ್ಯೂಟರ್ ತಜ್ಞೆ. ಸಣ್ಣಗೆ, ನೆಟ್ಟಗಿರುವ ಮೈಕಟ್ಟಿಗೂ ಚುಚ್ಚುವ ಮಾತಿಗೂ ಸೇರಿ ಆ ಹೆಸರು ಬಿದ್ದಿತ್ತು. ಮೂರು ದಿನದಿಂದ ಅವಳು ಈ ತಣ್ಣನೆಯ ಕೋಣೆಯಲ್ಲಿ ಸ್ವೆಟರ್ ಹಾಕಿಕೊಂಡು ಕೂತಿದ್ದಳು.

ಸೋಮವಾರ, ತೋಟದ ಬೀದಿಯ ಮನೆಯೊಂದರಲ್ಲಿ ಬಚ್ಚಿಟ್ಟಿದ್ದ ನರ್ಸ್‌ನ ತಲೆಗೆ ಯಾರೋ ಕಬ್ಬಿಣದ ಸರಳಿನಿಂದ ಹೊಡೆದು ಹೋಗಿದ್ದರು. ನಕಲಿ ಇಂಜೆಕ್ಷನ್ ಮೊಕದ್ದಮೆಯ ಇಬ್ಬರು ಸಾಕ್ಷಿಗಳಲ್ಲಿ ಅವಳೊಬ್ಬಳು. ಇನ್ನೊಬ್ಬ, ಲ್ಯಾಬಿನವನು, ಬೇರೆಲ್ಲೋ ಇದ್ದ. ಇಬ್ಬರ ವಿಳಾಸವೂ ಇದ್ದದ್ದು ಈ ಕೋಣೆಯ ಕಂಪ್ಯೂಟರಿನಲ್ಲಿ ಮಾತ್ರ. ತನಿಖಾಧಿಕಾರಿಗೂ ಅದು ಗೊತ್ತಿರಲಿಲ್ಲ.

“ಈ ಮಷೀನಿನಲ್ಲಿ ಎರಡೇ ಪ್ರೋಗ್ರಾಂ ಓಡೋದು,” ಸೂಜಿ ಬೆರಳು ಮಡಚಿದಳು. “ಒಂದು ತಿಜೋರಿ. ವಿಳಾಸಗಳು ಅದರ ಹೊಟ್ಟೆಯಲ್ಲಿವೆ. ಅದಕ್ಕೆ ಹೊರಗಿನ ಗಾಳಿಯೇ ಸೋಕಬಾರದು. ಇನ್ನೊಂದು ತಂಪು. ಕೋಣೆ ಬಿಸಿಯಾಗದ ಹಾಗೆ ಎಸಿ ನೋಡಿಕೊಳ್ಳುತ್ತೆ. ಅದು ದಿನಾ ಹೊರಗೆ, ಎಸಿ ಕಂಪನಿಗೆ ವರದಿ ಕಳಿಸುತ್ತೆ. ಬೆಳಗ್ಗೆ ಅಲ್ಲಿಂದ ಆ ದಿನದ ಪಟ್ಟಿ ಬರುತ್ತೆ, ಎಷ್ಟು ಹೊತ್ತಿಗೆ ಎಷ್ಟು ತಂಪು ಬೇಕು ಅಂತ.”

“ತಿಜೋರಿ ತಂಪಿಗೆ ಏನಾದರೂ ಹೇಳಬಹುದಾ?”

“ಹೇಳೋ ಹಾಗಿಲ್ಲ. ಇದರ ಸಾಲು ಅದು ಓದಲ್ಲ, ಅದರ ಸಾಲು ಇದು ಓದಲ್ಲ. ಒಂದೇ ಮನೆಯಲ್ಲಿದ್ದು ಮುಖ ನೋಡದ ಓರಗಿತ್ತಿಯರ ಥರ.”

“ಮತ್ತೆ ಈ ಸರದಿ?”

“ಇಬ್ಬರಿಗೂ ಇರೋದು ಒಂದೇ ಡಿಸ್ಕ್. ಒಟ್ಟಿಗೆ ಬರೆಯೋಕೆ ಹೋಗಿ ಗೊಂದಲ ಆಗಬಾರದಲ್ಲ? ಅದಕ್ಕೆ ಈ ಖಾಲಿ ಫೈಲು. ಬರೆಯೋರು ಮೊದಲು ಇದನ್ನ ಹಿಡಿದುಕೊಳ್ಳಬೇಕು, ಮುಗಿದ ಮೇಲೆ ಬಿಡಬೇಕು. ಬಚ್ಚಲುಮನೆ ಚಿಲಕ ಇದ್ದ ಹಾಗೆ. ಒಳಗಡೆಯಿಂದ ಹಾಕಿದ್ದರೆ ಯಾರೋ ಇದ್ದಾರೆ ಅಂತ ಅರ್ಥ.”

ಸೂಜಿ ಒಂದು ಉದ್ದನೆಯ ಕಾಗದದ ಸುರುಳಿ ಬಿಚ್ಚಿದಳು. ತಂಪು ಪ್ರತಿ ಸೆಕೆಂಡಿಗೊಮ್ಮೆ ಚಿಲಕ ಅಲ್ಲಾಡಿಸಿ ನೋಡಿ, ಸಿಕ್ಕಿತು, ಸಿಗಲಿಲ್ಲ ಎಂದು ಬರೆದುಕೊಂಡಿತ್ತು. ಆ ವರದಿಯೇ ದಿನಾ ಹೊರಗೆ ಹೋಗುತ್ತಿತ್ತು. ಎಸಿ ಕಂಪನಿಯ ವರದಿಯಲ್ಲಿ ಸಿಗಲಿಲ್ಲ, ಸಿಕ್ಕಿತು ಎನ್ನುವುದನ್ನು ಯಾರು ತಾನೇ ಓದುತ್ತಾರೆ?

“ಈಗ ನೋಡಿ. ಭಾನುವಾರ ಬೆಳಗ್ಗೆ. ಎರಡು ಸಲ ಸಿಗಲಿಲ್ಲ. ಆಮೇಲೆ ಸ್ವಲ್ಪ ಬಿಡುವು. ಒಂದು ಸಲ ಸಿಗಲಿಲ್ಲ. ಬಿಡುವು. ಹನ್ನೆರಡು ಸಲ ಸಿಗಲಿಲ್ಲ. ಬರೆಯೋ ಕೆಲಸ ಇಲ್ಲದಿದ್ದರೂ ತಿಜೋರಿ ಸುಮ್ಮನೆ ಚಿಲಕ ಹಾಕಿ ತೆಗೀತಾ ಇದೆ. ಎರಡು, ಒಂದು, ಹನ್ನೆರಡು. ಮೂರು, ಒಂದು, ಒಂದು. ಎರಡು, ಮೂರು, ಒಂದು. ಹೀಗೇ ಮೂರು ಮೂರರ ಗುಂಪು.”

ತನಿಖಾಧಿಕಾರಿಯ ಕೈ ಕುರ್ಚಿಯ ಬೆನ್ನನ್ನು ಹಿಡಿಯಿತು.

“ವರ್ಗ, ಅದರಲ್ಲಿ ಎಷ್ಟನೇ ಅಕ್ಷರ, ಕಾಗುಣಿತದಲ್ಲಿ ಎಷ್ಟನೆಯದು ಅಂತ ಲೆಕ್ಕ ಹಾಕಿದೆ,” ಸೂಜಿ ನಕ್ಕಳು. “ಕ ಚ ಟ ತ ಪ ಇಟ್ಟುಕೊಂಡು ಓದಿದರೆ ಬಂದಿದ್ದು, ಚೋಟಜ ಗೀಜಿ. ಆ ಊರು ಎಲ್ಲಿದೆ ಅಂತ ದೇವರಿಗೇ ಗೊತ್ತು.”

“ತಿರುಗಿಸು.”

“ಏನು ಮೇಡಂ?”

“ವರ್ಗಗಳನ್ನ ತಿರುಗಿಸು. ಪ ಮೊದಲು. ಪ ತ ಟ ಚ ಕ.”

ಸೂಜಿಯ ಪೆನ್ಸಿಲ್ ಸರಸರ ಓಡಿತು. ಆಮೇಲೆ ನಿಂತಿತು.

ತೋಟದ ಬೀದಿ.

“ಅಬ್ಬಾ! ನಿಮಗೆ ಹೇಗೆ ಹೊಳೀತು?”

“ಹೊಳೀಲಿಲ್ಲ, ನೆನಪಾಯ್ತು,” ಎಂದಳು ತನಿಖಾಧಿಕಾರಿ. “ತಿಜೋರಿಯ ಕಡೆಯ ದಿನಚರಿಯನ್ನೂ ತೆಗಿ. ನ್ಯಾಯಾಧೀಶರ ಅನುಮತಿ ನಾನು ತರಿಸ್ತೀನಿ. ತಂಪು ಕೂಡ ಚಿಲಕ ಆಡಿಸಿದೆಯಾ ಅಂತ ನೋಡಬೇಕು. ಉತ್ತರ ಇದ್ದರೆ ಪ್ರಶ್ನೆನೂ ಇರಬೇಕಲ್ಲ.”

ಹೊರಗೆ ಬಂದ ಮೇಲೆ ಅವಳು ಮೆಟ್ಟಿಲ ಮೇಲೆ ಒಂದು ನಿಮಿಷ ಕೂತಳು. ಜನ ಓಡಾಡುವ ಮೆಟ್ಟಿಲು. ಕೂರುವ ಜಾಗವಲ್ಲ.

ಅವಳಿಗೆ ಆರು ವರ್ಷವಾಗಿದ್ದಾಗ ಮೈತುಂಬ ದಡಾರ ಎದ್ದಿತ್ತು. ಅಮ್ಮ ತೀರಿಕೊಂಡು ಆಗಿನ್ನೂ ನಾಲ್ಕು ತಿಂಗಳು. ಅಪ್ಪ ಅವಳನ್ನು ಒಳಕೋಣೆಯಲ್ಲಿ ಮಲಗಿಸಿ, ಹನ್ನೊಂದು ವರ್ಷದ ಅಕ್ಕ ಆ ಕಡೆ ಸುಳಿಯಕೂಡದು ಎಂದು ಕಟ್ಟಪ್ಪಣೆ ಮಾಡಿದ್ದರು. ಅಕ್ಕ ಗೋಡೆಯ ಆಚೆ ಕೂತು ಚಮಚದಿಂದ ತಟ್ಟುತ್ತಿದ್ದಳು. ಮೊದಲು ವರ್ಗ, ಆಮೇಲೆ ಅಕ್ಷರ, ಆಮೇಲೆ ಗುಣಿತ; ಸ್ವರಗಳಿಗೂ ಯ ರ ಲ ವಗಳಿಗೂ ಕೊನೆಗೆ ಬೇರೆ ಎರಡು ಸಾಲು. ಕ ವರ್ಗದಿಂದ ಎಣಿಸುತ್ತ ಹೋದರೆ ಮ ಬರುವಷ್ಟರಲ್ಲಿ ಅವಳಿಗೆ, ಅಕ್ಕನ ಪುಟ್ಟಿಗೆ, ಲೆಕ್ಕ ತಪ್ಪಿ ಅಳು ಬರುತ್ತಿತ್ತು. ಅಮ್ಮ ಎನ್ನುವ ಪದ ಬೇಗ ಬರಲಿ ಎಂದು ಅಕ್ಕ ಪ ವರ್ಗವನ್ನು ಮೊದಲಿಗೆ ತಂದಳು.

ತಿಜೋರಿಯನ್ನು ಬರೆದವಳು ಆ ಅಕ್ಕ. ಅದರ ಮುಂದೆ ದಿನಾ ಬೆಳಗ್ಗೆ ಒಂದು ಗಂಟೆ ಹೊತ್ತು ಕೂರುವವಳೂ ಅವಳೊಬ್ಬಳೇ.

ಅವಳ ಮೇಲೆ ಮೊದಲ ದಿನವೇ ಅನುಮಾನ ಬಂದಿತ್ತು. ಆದರೆ ಅವಳನ್ನು ಒಳಗೆ ಬಿಡುವಾಗಲೂ ಹೊರಗೆ ಬಿಡುವಾಗಲೂ ತಪಾಸಣೆ ಇತ್ತು. ಫೋನನ್ನು ಇಲಾಖೆ ಕೇಳಿಸಿಕೊಳ್ಳುತ್ತಿತ್ತು. ಮೊಕದ್ದಮೆ ಮುಗಿಯುವತನಕ ಅಕ್ಕ ತಂಗಿ ಕೆಲಸದ ಮಾತು ಆಡಕೂಡದೆಂಬ ಕಟ್ಟುಪಾಡೂ ಇತ್ತು. ಅವಳ ಬಾಯಿಂದ ಒಂದು ಮಾತು ಹೊರಗೆ ಹೋಗಲು ದಾರಿಯೇ ಇರಲಿಲ್ಲ. “ಅಕ್ಕನನ್ನು ಬಿಟ್ಟು ಹುಡುಕಿ,” ಎಂದು ಸಭೆಯಲ್ಲಿ ಎಲ್ಲರಿಗಿಂತ ಜೋರಾಗಿ ಹೇಳಿದವಳು ತಂಗಿಯೇ.

* * *

ಕಾರು ಸಿಗ್ನಲ್ಲಿನಲ್ಲಿ ನಿಂತಿದ್ದಾಗ ಗಂಡನ ಫೋನ್ ಬಂತು. ಹನ್ನೊಂದೂವರೆ.

ಗಂಡ ವೈದ್ಯ. ಸೋಮವಾರ ಪ್ರಜ್ಞೆ ಇಲ್ಲದ ನರ್ಸನ್ನು ತಂದು ಸೇರಿಸಿದ್ದು ಅವನ ಆಸ್ಪತ್ರೆಗೇ. ಬಾಗಿಲಲ್ಲಿ ಪೇದೆಯನ್ನು ಕೂರಿಸಿದ್ದರೂ, ಒಳಗೆ ಮನೆಯವರೇ ಇದ್ದಾರೆಂಬ ಧೈರ್ಯದಿಂದಲೇ ತನಿಖಾಧಿಕಾರಿ ಈ ನಾಲ್ಕು ರಾತ್ರಿ ನಿದ್ದೆ ಮಾಡಿದ್ದಳು.

“ಕಣ್ಣು ಬಿಟ್ಟಳು ಕಣೇ,” ಎಂದ ಅವನು, ತಗ್ಗಿದ ದನಿಯಲ್ಲಿ. “ಈಗ ತಾನೇ. ಐದು ನಿಮಿಷ ಆಗಿರಬಹುದು. ಪೇದೆಗೂ ಹೇಳಿಲ್ಲ. ನಿನಗೇ ಮೊದಲು.”

“ಮಾತಾಡಿದಳಾ?”

“ಇನ್ನೂ ಇಲ್ಲ. ಸಂಜೆ ಹೊತ್ತಿಗೆ ಆಡಬಹುದು. ಎಲ್ಲಿದ್ದೀಯ?”

“ಅಕ್ಕನ ಮನೆಗೆ ಹೋಗ್ತಿದ್ದೀನಿ.”

“ಅಕ್ಕನ ಮನೆಗಾ?” ಎಂದ ಅವನು. “ಆಯ್ತು. ಇಲ್ಲಿ ನಾನಿದ್ದೀನಲ್ಲ. ಗಡಿಬಿಡಿ ಮಾಡಬೇಡ, ನಿಧಾನವಾಗಿ ಬಾ.”

ಅವಳ ಎದೆ ಎಷ್ಟೋ ಹಗುರವಾಯಿತು. ಇವತ್ತು ಒಬ್ಬರನ್ನು ಕಳೆದುಕೊಳ್ಳಲು ಹೊರಟವಳಿಗೆ, ಇನ್ನೊಬ್ಬರಾದರೂ ಇದ್ದಾರಲ್ಲ ಅನ್ನಿಸಿತು.

* * *

ಅಕ್ಕನ ಮನೆ ಮೂರನೇ ಮಹಡಿಯಲ್ಲಿತ್ತು. ಕೋಣೆಯ ತಪಾಸಣೆ ಮುಗಿಯುವತನಕ ಅವಳಿಗೆ ರಜೆ ಕೊಟ್ಟಿದ್ದರು. ಬಾಗಿಲು ತೆರೆದೇ ಇತ್ತು. ಅಕ್ಕ ಕಿಟಕಿಯ ಪಕ್ಕ ಕೂತು ಪರದೆಯ ಅಂಚು ಹೊಲಿಯುತ್ತಿದ್ದಳು. ತಂಗಿ ನೋಡದ ನಾಲ್ಕು ತಿಂಗಳಲ್ಲಿ ಅವಳ ಕೂದಲು ಹಣೆಯ ಹತ್ತಿರ ಪೂರ್ತಿ ಬೆಳ್ಳಗಾಗಿತ್ತು.

“ನೀನೇ ಬಂದ್ಯಾ?” ಎಂದಳು, ತಲೆ ಎತ್ತದೆ. “ಯಾರನ್ನಾದರೂ ಕಳಿಸ್ತೀಯ ಅಂದುಕೊಂಡಿದ್ದೆ.”

ತಂಗಿ ಕಾಗದದ ಸುರುಳಿಯನ್ನು ಹೊಲಿಗೆಯ ಮೇಲೆ ಇಟ್ಟಳು.

“ಇದನ್ನ ಓದು.”

ಅಕ್ಕ ಓದಲಿಲ್ಲ. ಹೊಲಿಗೆಯ ಸೂಜಿಯನ್ನು ಬಟ್ಟೆಗೆ ಚುಚ್ಚಿಟ್ಟಳು.

“ನನಗೆ ಯಾಕೆ ತೋರಿಸ್ತೀಯ? ನಿನಗೆ ಗೊತ್ತಿಲ್ವಾ?”

“ಗೊತ್ತು. ಅದಕ್ಕೇ ಬಂದಿದ್ದೀನಿ. ಈ ಭಾಷೆ ಪ್ರಪಂಚದಲ್ಲಿ ಇಬ್ಬರಿಗೆ ಗೊತ್ತು ಅಕ್ಕಾ. ಒಬ್ಬಳು ನಾನು.”

“ಹೌದು. ಒಬ್ಬಳು ನೀನು.”

ಆ ಮಾತಿನಲ್ಲಿ ಏನೋ ಕಹಿ ಇತ್ತು. ತಂಗಿಗೆ ಸಿಟ್ಟು ನೆತ್ತಿಗೇರಿತು.

“ನನ್ನನ್ನ ಸಾಕಿದವಳು ನೀನು. ನಾನು ನಿನಗೋಸ್ಕರ ಮೇಲಿನವರ ಮುಂದೆ ಆಣೆ ಇಟ್ಟೆ. ಒಬ್ಬ ಹೆಂಗಸಿನ ತಲೆ ಒಡೆಸಿ ಇಲ್ಲಿ ಕೂತು ಪರದೆ ಹೊಲೀತಿದ್ದೀಯಲ್ಲ, ನಿನ್ನ ಕೈ ನಡುಗಲ್ವಾ?”

“ನಾನು ಒಡೆಸಿದೆನಾ?” ಅಕ್ಕ ಎದ್ದು ನಿಂತಳು. “ನಾನಾ? ಬಾಯಿ ಇದೆ ಅಂತ ಏನು ಬೇಕಾದರೂ ಆಡಬೇಡ ಪುಟ್ಟಿ. ನಾಲ್ಕು ದಿನದಿಂದ ಒಂದು ತುತ್ತು ನುಂಗೋಕೆ ಆಗಿಲ್ಲ ನನಗೆ. ನೀನು ಕೇಳಿದೆ, ನಾನು ಹೇಳಿದೆ. ಮಾರನೇ ದಿನ ಅವಳ ತಲೆ ಒಡೆದರು. ನನ್ನ ತಂಗಿ ಅವರ ಕಡೆ ಸೇರಿಕೊಂಡಳಲ್ಲ ಅಂತ ಗೋಡೆಗೆ ತಲೆ ಚಚ್ಚಿಕೊಂಡೆ. ಹೋಗಿ ಹೇಳಿಬಿಡೋಣ ಅಂತ ಎರಡು ಸಲ ಚಪ್ಪಲಿ ಮೆಟ್ಟಿಕೊಂಡೆ. ನಿನ್ನನ್ನ ಹಿಡಿದುಕೊಡೋಕೆ ಕೈ ಬರಲಿಲ್ಲ. ಈಗ ನನ್ನ ತಲೆಗೇ ಕಟ್ಟೋಕೆ ಬಂದ್ಯಾ?”

ಕೆಳಗೆ ಬೀದಿಯಲ್ಲಿ ಯಾರೋ ಗಾಡಿಯನ್ನು ಹಿಂದಕ್ಕೆ ತೆಗೆಯುತ್ತಿದ್ದರು. ಅದರ ಪೀಂ ಪೀಂ ಸದ್ದಿಗೆ ತಂಗಿ ಕಿಟಕಿ ಮುಚ್ಚಿದಳು.

“ನಾನು ಏನು ಕೇಳಿದೆ?” ತಂಗಿಯ ದನಿ ಇಳಿದಿತ್ತು.

“ನಾಟಕ ಬೇಡ.”

“ಅಕ್ಕಾ, ನಾನು ಏನು ಕೇಳಿದೆ? ಮೊದಲಿಂದ ಹೇಳು.”

ಅಕ್ಕ ಹೇಳಿದಳು, ತಪ್ಪು ಮಾಡಿದ ಮಗುವಿಗೆ ಪಾಠ ಹೇಳುವಂತೆ.

ಮೂರು ತಿಂಗಳ ಹಿಂದೆ ತಂಪು ಪ್ರೋಗ್ರಾಮನ್ನು ಕಂಪನಿಯವರು ಹೊಸದಾಗಿ ಹಾಕಿ ಹೋಗಿದ್ದರು. ಅದಾದ ವಾರಕ್ಕೆ ಅಕ್ಕ ತಿಜೋರಿಯ ದಿನಚರಿ ನೋಡುತ್ತಿದ್ದಾಗ, ಸರದಿ ಫೈಲು ಸಿಗಲಿಲ್ಲ ಎಂಬ ಸಾಲುಗಳು ಒಂದು ತಾಳಕ್ಕೆ ಬಿದ್ದಿದ್ದವು. ಎಣಿಸಿದಳು. ಆ ಕಡೆಯಿಂದ ಯಾರೋ ಚಿಲಕ ತಟ್ಟುತ್ತಿದ್ದರು, ಪ ಮೊದಲಿಟ್ಟುಕೊಂಡು.

“ಅಕ್ಕಾ ಅಂತ ಬಂತು,” ಎಂದಳು ಅಕ್ಕ. “ಒಂದೇ ಪದ. ಆ ತಣ್ಣನೆ ಕೋಣೆಯಲ್ಲಿ ನನಗೆ ಮೈಯೆಲ್ಲ ಬೆವರು. ನಿನ್ನ ಬಿಟ್ಟು ಇನ್ಯಾರು ಹಾಗೆ ತಟ್ಟುತ್ತಾರೆ? ಫೋನು ಕೇಳಿಸಿಕೊಳ್ತಾರೆ, ಮನೆಗೆ ಬಂದರೆ ಬರೆದಿಡ್ತಾರೆ, ಅದಕ್ಕೆ ಪಾಪ ಹೀಗೆ ದಾರಿ ಮಾಡಿಕೊಂಡಿದ್ದಾಳೆ ಅಂದುಕೊಂಡೆ. ನಾನೂ ಈ ಕಡೆಯಿಂದ ತಟ್ಟೋ ಹಾಗೆ ತಿಜೋರಿಗೆ ನಾಲ್ಕು ಸಾಲು ಸೇರಿಸಿದೆ. ತಪ್ಪು ಅಂತ ಗೊತ್ತಿತ್ತು. ಸೇರಿಸಿದೆ.”

“ವಿಳಾಸ ಯಾವಾಗ ಕೇಳಿದ್ದು?”

“ಹೋದ ಶನಿವಾರ. ಮೇಲಿನವರಲ್ಲೇ ಯಾರೋ ಕೆಟ್ಟವರಿದ್ದಾರೆ, ನರ್ಸನ್ನ ನಾನೇ ಬೇರೆ ಕಡೆ ಸಾಗಿಸಬೇಕು, ಎಲ್ಲಿದ್ದಾಳೆ ಹೇಳು ಅಂತ. ಒಂದಿಡೀ ದಿನ ಯೋಚನೆ ಮಾಡಿದೆ. ಭಾನುವಾರ ಹೇಳಿದೆ.”

“ಅಕ್ಕಾ,” ತಂಗಿ ಅವಳ ಎರಡೂ ಕೈ ಹಿಡಿದುಕೊಂಡಳು. “ನಾನಲ್ಲ. ಒಂದು ಸಲವೂ ನಾನಲ್ಲ. ಆ ಫೈಲನ್ನ ನಾನು ನೋಡಿದ್ದೇ ಇವತ್ತು.”

ಅಕ್ಕ ಅವಳ ಕಣ್ಣಿನೊಳಗೆ ಸುಳ್ಳನ್ನು ಹುಡುಕಿದಳು. ಚಿಕ್ಕಂದಿನಲ್ಲಿ ಕದ್ದು ತಿಂದಾಗ ಹುಡುಕುತ್ತಿದ್ದಂತೆ. ಸಿಗಲಿಲ್ಲ. ಸಿಕ್ಕಿದ್ದರೆ ಅವಳಿಗೆ ಇಷ್ಟು ನೋವಾಗುತ್ತಿರಲಿಲ್ಲವೇನೋ.

“ಊಟ ಆಯ್ತಾ ಅಂತ ಕೇಳಿದ್ದು?”

ತಂಗಿ ತಲೆ ಅಲ್ಲಾಡಿಸಿದಳು.

“ದಿನಾ ಕೇಳುತ್ತಿದ್ದೆಯಲ್ಲ. ಮಂಡಿನೋವು ಹೇಗಿದೆ ಅಂತ. ಔಷಧಿ ಬಿಡಬೇಡ ಅಂತ. ಅಪ್ಪನ ಮೇಲೆ ಇನ್ನೂ ಕೋಪ ಇದೆಯಾ ಅಂತ. ಅದೂ ನೀನಲ್ವಾ?”

“ಅಲ್ಲ ಅಕ್ಕಾ.”

ಅಕ್ಕ ನಿಧಾನವಾಗಿ ಕುರ್ಚಿಯಲ್ಲಿ ಕೂತಳು. ಅಳಲಿಲ್ಲ. ಮೊಣಕಾಲಿನ ಮೇಲಿದ್ದ ಪರದೆಯ ಬಟ್ಟೆಯನ್ನು ಸುಮ್ಮನೆ ಮಡಚಿದಳು, ಬಿಚ್ಚಿದಳು, ಮತ್ತೆ ಮಡಚಿದಳು.

“ಎಷ್ಟು ವರ್ಷ ಆಗಿತ್ತು ನೀನು ಹಾಗೆಲ್ಲ ಕೇಳಿ,” ಎಂದಳು. “ನನಗೆ ಆಗಲೇ ಅನುಮಾನ ಬರಬೇಕಿತ್ತು.”

ಆ ಮಾತು ತಂಗಿಗೆ ಕಪಾಳಕ್ಕೆ ಹೊಡೆದಂತಾಯಿತು. ಅಕ್ಕನ ಮಂಡಿನೋವಿನ ವಿಷಯ ಅವಳಿಗೆ ಗೊತ್ತೇ ಇರಲಿಲ್ಲ.

“ನೀನು ಆ ತಟ್ಟೋದನ್ನ ಯಾರಿಗಾದರೂ ಹೇಳಿಕೊಟ್ಟಿದ್ದೀಯಾ?” ಎಂದು ಕೇಳಿದಳು.

“ನಾನು ಯಾರಿಗೆ ಹೇಳಿಕೊಡಲಿ? ನನಗೆ ಇದ್ದವಳು ನೀನೊಬ್ಬಳು,” ಎಂದಳು ಅಕ್ಕ. ಆಮೇಲೆ, “ನೀನು?”

ಐದು ವರ್ಷದ ಹಿಂದೆ ತಂಗಿಯ ಗಂಟಲಿಗೆ ಶಸ್ತ್ರಚಿಕಿತ್ಸೆ ಆಗಿತ್ತು. ಹದಿನೈದು ದಿನ ಒಂದು ಮಾತೂ ಆಡಬಾರದು ಎಂದಿದ್ದರು. ಚೀಟಿ ಬರೆದು ಬರೆದು ಬೇಸರ ಬಂದು, ಅವಳು ಮಂಚದ ಸರಳಿನ ಮೇಲೆ ಉಂಗುರದಿಂದ ತಟ್ಟತೊಡಗಿದ್ದಳು. ಪಕ್ಕದಲ್ಲಿ ಕೂತವನು ಮೊದಲು ನಕ್ಕ. ಆಮೇಲೆ ಕಾಗದದ ಮೇಲೆ ಅಕ್ಷರಗಳನ್ನು ಬರೆದಿಟ್ಟುಕೊಂಡ. ವಾರ ಕಳೆಯುವಷ್ಟರಲ್ಲಿ ಅವನಿಗೆ ಅದು ಅವಳಿಗಿಂತ ಚೆನ್ನಾಗಿ ಬರುತ್ತಿತ್ತು. ಕತ್ತಲೆಯಲ್ಲಿ ಅವಳ ಅಂಗೈ ಮೇಲೆ ತಟ್ಟುತ್ತಿದ್ದ.

“ಇಲ್ಲ,” ಎಂದಳು ತಂಗಿ. “ಯಾರಿಗೂ ಇಲ್ಲ.”

ಹೇಳಿದ ಮೇಲೆ ಅವಳಿಗೇ ಹೆದರಿಕೆಯಾಯಿತು. ಈ ಮನೆಯಲ್ಲಿ ಇವತ್ತು ಸುಳ್ಳಾಡಿದವಳು ಅವಳೊಬ್ಬಳೇ. ಯಾರನ್ನು ಕಾಪಾಡಲು ಹೊರಟೆ ಎಂದು ತನ್ನನ್ನೇ ಕೇಳಿಕೊಂಡಳು. ಅವನಾಗಿರಲಾರ. ಅವನು ಯಾಕೆ ಮಾಡುತ್ತಾನೆ? ಅಕ್ಕನನ್ನು ಅಷ್ಟು ಬೇಗ ನಂಬದೆ ಹೋದವಳು, ಅವನ ಪರವಾಗಿ ಒಳಗೊಳಗೇ ವಾದ ಹೂಡುತ್ತಿದ್ದಳು.

ಜೇಬಿನಲ್ಲಿ ಫೋನು ಅದುರಿತು. ಸೂಜಿ.

“ಮೇಡಂ, ಅನುಮತಿ ಬಂತು. ತಿಜೋರಿಯ ದಿನಚರಿ ತೆಗೆದೆ. ನೀವು ಹೇಳಿದ್ದು ನಿಜ, ತಂಪು ಕೂಡ ತಟ್ಟಿದೆ. ಎಸಿ ಕಂಪನಿಯಿಂದ ಬೆಳಗ್ಗೆ ಬರೋ ಪಟ್ಟಿಯಲ್ಲೇ ಪ್ರಶ್ನೆ ಅಡಗಿಕೊಂಡು ಬರುತ್ತೆ. ಆ ಕಂಪನಿಯ ಆಫೀಸಿಗೆ ನಮ್ಮವರು ಹೋಗಿದ್ದಾರೆ, ಬೀಗ ಹಾಕಿದೆಯಂತೆ.”

“ಕೊನೆಯ ಪ್ರಶ್ನೆ ಯಾವುದು?”

“ಇವತ್ತು ಬೆಳಗ್ಗೆಯದು. ನಿಮ್ಮ ಅಕ್ಕ ಬಂದಿರಲಿಲ್ಲವಲ್ಲ, ಯಾರೂ ನೋಡಿಲ್ಲ. ಓದಲಾ?”

“ಓದು.”

“ಅಕ್ಕಾ, ನರ್ಸ್ ಕಣ್ಣು ಬಿಟ್ಟಿದ್ದಾಳೆ. ಹೊತ್ತಿಲ್ಲ. ಲ್ಯಾಬಿನವನು ಎಲ್ಲಿ? ಇಷ್ಟೇ. ಮೇಡಂ, ನರ್ಸ್‌ಗೆ ಎಚ್ಚರ ಆಗಿದ್ದು ನಮಗೇ ಗೊತ್ತಿಲ್ವಲ್ಲ?”

ತನಿಖಾಧಿಕಾರಿ ಗಡಿಯಾರ ನೋಡಿದಳು. “ಎಷ್ಟು ಹೊತ್ತಿಗೆ ಬಂದಿದೆ?”

“ಒಂಬತ್ತು ಗಂಟೆ ಹತ್ತು ನಿಮಿಷ.”

ಐದು ನಿಮಿಷ ಆಗಿರಬಹುದು, ಎಂದಿದ್ದ ಅವನು, ಹನ್ನೊಂದೂವರೆಗೆ. ನಿನಗೇ ಮೊದಲು, ಎಂದಿದ್ದ.

ಅವಳು ಫೋನ್ ಇಟ್ಟು, ಆಸ್ಪತ್ರೆಯ ಬಾಗಿಲಲ್ಲಿ ಕೂರಿಸಿದ್ದ ಪೇದೆಯ ನಂಬರ್ ಒತ್ತಿದಳು.

“ಯಾರದು? ಯಾರು ಪುಟ್ಟಿ?” ಅಕ್ಕ ಎದ್ದು ಬಂದಳು. ತಂಗಿಯ ಮುಖ ನೋಡಿ ಉತ್ತರ ಅವಳಿಗೆ ಸಿಕ್ಕಿತೇನೋ. ಅವಳ ಬೆನ್ನ ಮೇಲೆ ಕೈಯಿಟ್ಟು ನಿಂತಳು.

ಫೋನು ಮೂರು ಸಲ ಬಡಿದುಕೊಂಡ ಮೇಲೆ ಪೇದೆ ಎತ್ತಿದ.

“ಬಾಗಿಲು ಬಿಟ್ಟು ಕದಲಬೇಡ,” ಎಂದಳು. “ಒಳಗೆ ಯಾರನ್ನೂ ಬಿಡಬೇಡ. ಡಾಕ್ಟರನ್ನೂ ಬಿಡಬೇಡ. ಕೇಳಿಸ್ತಾ? ನನ್ನ ಮನೆಯವರನ್ನೂ ಬಿಡಬೇಡ.”

ಆ ಕಡೆ ಪೇದೆ ಗಂಟಲು ಸರಿ ಮಾಡಿಕೊಂಡ.

“ಒಳಗೆ ಯಾರೂ ಇಲ್ಲ ಮೇಡಂ. ಮಂಚ ಖಾಲಿ. ಬೇರೆ ಆಸ್ಪತ್ರೆಗೆ ಸಾಗಿಸಬೇಕು ಅಂತ ನಿಮ್ಮ ಡಾಕ್ಟರ್ ಸಾಹೇಬರೇ ಆಂಬುಲೆನ್ಸ್‌ನಲ್ಲಿ ಕರೆದುಕೊಂಡು ಹೋಗಿ ಕಾಲು ಗಂಟೆ ಆಯ್ತು.”

“ಯಾರ ಅಪ್ಪಣೆ ಮೇಲೆ ಬಿಟ್ಟೆ?”

“ಕಾಗದ ತೋರಿಸಿದರಲ್ಲ ಮೇಡಂ,” ಎಂದ ಅವನು, ಗೊಂದಲದಿಂದ. “ಅದರಲ್ಲಿ ನಿಮ್ಮದೇ ಸಹಿ ಇತ್ತು.”